ಉರಿ ಹೊರಗಿರಲಿ, ಗಾಳಿ ಒಳಬರಲಿ

ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರ. ಬೆಂಗಳೂರಿನ ಎಷ್ಟೋ ಬಾಡಿಗೆ ಮನೆಗಳ ಬಾತ್‌ರೂಮ್ ಹೆಚ್ಚೂಕಡಿಮೆ ಇಷ್ಟೇ. ಅದರಲ್ಲಿ ಸುಮಾರು 8,000 ಲೀಟರ್ ಗಾಳಿ ಹಿಡಿಸುತ್ತದೆ. ಅದರೊಳಗೆ ಆಮ್ಲಜನಕದ ಪಾಲು 1,650 ಲೀಟರ್ ಆಸುಪಾಸು. ಗೋಡೆಯ ಮೇಲೆ ಕೂತ ಗ್ಯಾಸ್ ಗೀಸರ್ ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುತ್ತಾ ಪೂರ್ತಿ ಉರಿದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೊ ಎಲ್‌ಪಿಜಿ ಸುಡುತ್ತದೆ. ಆ ಉರಿಗೆ ನಿಮಿಷಕ್ಕೆ 45 ಲೀಟರಿನಷ್ಟು ಆಮ್ಲಜನಕ ಬೇಕು. ಅದೇ ಕೋಣೆಯಲ್ಲಿ ನಿಂತು ಮೈ ತೊಳೆಯುವವರಿಗೆ ಬೇಕಾದದ್ದು ನಿಮಿಷಕ್ಕೆ ಕಾಲು ಲೀಟರಿನಿಂದ ಅರ್ಧ ಲೀಟರ್ ಮಾತ್ರ. ಬಾಗಿಲು ಹಾಕಿ, ಚಳಿಯೆಂದು ಕಿಟಕಿಯನ್ನೂ ಮುಚ್ಚಿಕೊಂಡರೆ, ಹತ್ತು ನಿಮಿಷದೊಳಗೆ ಕೋಣೆಯ ಆಮ್ಲಜನಕದಲ್ಲಿ ಕಾಲು ಭಾಗಕ್ಕೂ ಹೆಚ್ಚನ್ನು ಬರ್ನರ್ ನುಂಗಿರುತ್ತದೆ.

ಅಪಾಯ ಅಷ್ಟಕ್ಕೇ ನಿಂತಿದ್ದರೆ ಉಸಿರು ಕಟ್ಟಿದಂತಾಗಿ ಹೊರಗೆ ಓಡಿಬರಬಹುದಿತ್ತು. ಆದರೆ ಗಾಳಿ ಸಾಲದೆ ಹೋದಾಗ ಉರಿಯ ಗುಣವೇ ಬದಲಾಗುತ್ತದೆ. ಸಾಕಷ್ಟು ಆಮ್ಲಜನಕ ಸಿಕ್ಕಾಗ ಎಲ್‌ಪಿಜಿ ಉರಿದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿ ಆಗುತ್ತದೆ. ಕೋಣೆಯ ಆಮ್ಲಜನಕ ಶೇಕಡಾ 21ರಿಂದ 18ರ ಹತ್ತಿರ ಇಳಿಯುತ್ತಿದ್ದಂತೆ ಅರೆಬರೆ ಉರಿಯಲು ಶುರುವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಸುವ ಘಾಟೂ ಇಲ್ಲ.

2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆಂದು ಹೋದ ಅಕ್ಕ–ತಂಗಿ ಇಬ್ಬರೂ ಬದುಕಿ ಹೊರಬರಲಿಲ್ಲ. 2023ರ ಜೂನ್‌ನಲ್ಲಿ ಬೆಂಗಳೂರು ಹೊರವಲಯದ ಚಿಕ್ಕಜಾಲದ ಬಳಿ, ಮದುವೆಯ ತಯಾರಿಯಲ್ಲಿದ್ದ ಯುವಕ–ಯುವತಿ ಬಾತ್‌ರೂಮಿನಲ್ಲೇ ತೀರಿಕೊಂಡರು. ಎರಡೂ ಕಡೆ ಸುದ್ದಿಯಲ್ಲಿ ಬಂದದ್ದು ‘ಗ್ಯಾಸ್ ಗೀಸರ್ ಸೋರಿಕೆ’ ಎಂದೇ. ಇಂಥ ಸಾವುಗಳ ಬಗ್ಗೆ ಹಾಗೆ ಬರೆಯುವುದು ರೂಢಿಯಾಗಿದೆ. ಓದಿದವರು ಗಾಬರಿಯಿಂದ ತಮ್ಮ ಮನೆಯ ರಬ್ಬರ್ ಪೈಪು ನೋಡುತ್ತಾರೆ, ರೆಗ್ಯುಲೇಟರ್ ತಿರುಗಿಸುತ್ತಾರೆ, ಸೋಪಿನ ನೊರೆ ಹಚ್ಚಿ ಗುಳ್ಳೆ ಬರುವುದೇ ಎಂದು ಪರೀಕ್ಷಿಸುತ್ತಾರೆ. ಏನೂ ಇಲ್ಲ, ವಾಸನೆಯೂ ಇಲ್ಲ. ‘ನಮ್ಮದು ಸರಿಯಾಗಿದೆ’ ಎಂದು ಸಮಾಧಾನಪಟ್ಟುಕೊಂಡು ಮತ್ತೆ ಅದೇ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಗೀಸರ್ ಹೊತ್ತಿಸುತ್ತಾರೆ.

ಸಿಲಿಂಡರಿನಿಂದ ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುತ್ತದೆ. ಅದಕ್ಕೆಂದೇ ಎಲ್‌ಪಿಜಿಗೆ ಈಥೈಲ್ ಮರ್ಕಾಪ್ಟಾನ್ ಎಂಬ ದುರ್ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಉರಿಯುವಾಗ ಆ ವಾಸನೆಯೂ ಸುಟ್ಟುಹೋಗುತ್ತದೆ. ಬಾತ್‌ರೂಮಿನಲ್ಲಿ ಜೀವ ತೆಗೆಯುವ ಕಾರ್ಬನ್ ಮಾನಾಕ್ಸೈಡ್ ಯಾವ ಪೈಪಿನಿಂದಲೂ ಸೋರಿ ಬರುವುದಿಲ್ಲ. ಒಂದಿಷ್ಟೂ ಸೋರದ, ಹೊಚ್ಚ ಹೊಸ, ಬೆಲೆಬಾಳುವ ಗೀಸರಿನ ಉರಿಯಲ್ಲೇ ಅದು ತಯಾರಾಗಬಲ್ಲದು. ಈ ಒಂದು ಸಂಗತಿ ಮನೆಮಂದಿಗೆಲ್ಲ ತಿಳಿದರೆ ಉಳಿದ ಎಚ್ಚರಿಕೆಗಳು ತಾವಾಗಿಯೇ ಹೊಳೆಯುತ್ತವೆ.

ರಕ್ತದಲ್ಲಿ ನಡೆಯುವುದೇನು?

ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಗೆಲ್ಲ ಹಂಚುವುದು ರಕ್ತದ ಹಿಮೋಗ್ಲೋಬಿನ್. ಅದಕ್ಕೆ ಆಮ್ಲಜನಕಕ್ಕಿಂತ ಕಾರ್ಬನ್ ಮಾನಾಕ್ಸೈಡ್ ಮೇಲೆ 200ರಿಂದ 250 ಪಟ್ಟು ಹೆಚ್ಚು ಸೆಳೆತ. ಬಸ್ಸಿನಲ್ಲಿ ಸೀಟು ಹಿಡಿದು ಕೂತವನು ಕೊನೆಯ ಸ್ಟಾಪಿನವರೆಗೂ ಏಳದಿದ್ದರೆ ಉಳಿದವರಿಗೆ ಜಾಗ ಸಿಗದು. ಇಲ್ಲಿ ಆಗುವುದೂ ಅದೇ. ಸಾಮಾನ್ಯ ಗಾಳಿಗೆ ಬಂದ ಮೇಲೂ ರಕ್ತ ಸೇರಿದ ವಿಷದಲ್ಲಿ ಅರ್ಧದಷ್ಟು ಹೊರಹೋಗಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಅದು ಒಂದು–ಒಂದೂವರೆ ಗಂಟೆಗೆ ಇಳಿಯುತ್ತದೆ.

ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲಿನ ಬಲ ಹೋಗುತ್ತದೆ. ಏನೋ ಸರಿಯಿಲ್ಲ ಎಂದು ಗೊತ್ತಾದರೂ ಚಿಲಕದವರೆಗೆ ಹೋಗಲು ಕಾಲು ಕೇಳುವುದಿಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 200 ಭಾಗ (ಅಂದರೆ 200 ಪಿಪಿಎಂ) ಕಾರ್ಬನ್ ಮಾನಾಕ್ಸೈಡ್ ಇದ್ದರೆ ಎರಡು–ಮೂರು ಗಂಟೆಯಲ್ಲಿ ತಲೆನೋವು. 1,600 ಪಿಪಿಎಂ ಇದ್ದರೆ 20 ನಿಮಿಷದಲ್ಲೇ ತಲೆಸುತ್ತು, ಒಂದೆರಡು ಗಂಟೆಯಲ್ಲಿ ಸಾವು. 6,400 ಮುಟ್ಟಿದರೆ ಹತ್ತು–ಹದಿನೈದು ನಿಮಿಷವೇ ಹೆಚ್ಚು. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ಹೃದ್ರೋಗಿಗಳು ಇವರೆಲ್ಲ ಇದಕ್ಕಿಂತ ಬೇಗ ಸೋಲುತ್ತಾರೆ.

ಜ್ವರವಿಲ್ಲ, ನೆಗಡಿಯಿಲ್ಲ, ಆದರೆ ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು. ಹೊರಗೆ ಓಡಾಡಿದರೆ ಹಗುರ, ಮನೆಗೆ ಬಂದರೆ ಮತ್ತೆ ಶುರು. ಸಾಕಿದ ನಾಯಿ, ಬೆಕ್ಕೂ ಮಂಕು. ಇಂಥ ಲಕ್ಷಣ ಕಂಡರೆ ಮಾತ್ರೆ ಹುಡುಕುವ ಮೊದಲು ಮನೆಯಲ್ಲಿ ಏನು ಉರಿಯುತ್ತಿದೆ ಎಂದು ನೋಡಬೇಕು.

ಕರ್ನಾಟಕದವರು ಇನ್ನೊಂದು ವಿಷಯ ತಿಳಿದಿರಬೇಕು. ತಲೆಯ ಮೇಲೆ ಬಿಸಿನೀರು ಹುಯ್ದುಕೊಂಡಾಗ ಫಿಟ್ಸ್ ಬರುವ ‘ಬಿಸಿನೀರು ಅಪಸ್ಮಾರ’ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಹೆಚ್ಚು; ನಿಮ್ಹಾನ್ಸ್‌ನ ವೈದ್ಯರು ಅದನ್ನು ದಶಕಗಳಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಗೀಸರ್ ಅನಿಲ ಕುಡಿದು ಬಾತ್‌ರೂಮಿನಲ್ಲಿ ಕುಸಿದವರಿಗೂ ಕೆಲವೊಮ್ಮೆ ಕೈಕಾಲು ಅದುರಿ, ಪ್ರಜ್ಞೆ ತಪ್ಪುತ್ತದೆ. ನೋಡುವವರಿಗೆ ಎರಡೂ ಒಂದೇ ಥರ. ಮೊದಲನೆಯದಕ್ಕೆ ಔಷಧ ಬೇಕು. ಎರಡನೆಯದಕ್ಕೆ ಬೇಕಾದದ್ದು ಆಮ್ಲಜನಕ, ಆಮೇಲೆ ಪ್ಲಂಬರ್. ವೈದ್ಯಕೀಯ ಬರಹಗಳಲ್ಲಿ ಈ ಎರಡನೆಯದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರೇ ಬಿದ್ದಿದೆ. ಆದ್ದರಿಂದ ಸ್ನಾನದ ಹೊತ್ತಿನಲ್ಲಿ ಯಾರಾದರೂ ಬಿದ್ದಿದ್ದರೆ, ನೀರು ಯಾವುದರಿಂದ ಕಾಯಿಸಿದ್ದು, ಗೀಸರ್ ಎಲ್ಲಿತ್ತು, ಕಿಟಕಿ ತೆರೆದಿತ್ತೇ ಎಂಬುದನ್ನು ವೈದ್ಯರಿಗೆ ಹೇಳಲೇಬೇಕು. ಕೇಳದಿದ್ದರೂ ಹೇಳಬೇಕು. ಇಲ್ಲವಾದರೆ ಫಿಟ್ಸ್ ಮಾತ್ರೆ ನುಂಗಿಕೊಂಡು ಅದೇ ಬಾತ್‌ರೂಮಿಗೆ ಮರಳುವಂತಾಗುತ್ತದೆ.

ಗೀಸರಿಗೆ ಬಾತ್‌ರೂಮಿನಲ್ಲಿ ಜಾಗವಿಲ್ಲ

ಗ್ಯಾಸ್ ಗೀಸರ್ ಕೊಳ್ಳುವವರ ಲೆಕ್ಕ ಅರ್ಥವಾಗುವಂಥದ್ದೇ. ಕರೆಂಟ್ ಬಿಲ್ ಉಳಿಯುತ್ತದೆ, ನಲ್ಲಿ ತಿರುಗಿಸಿದೊಡನೆ ಬಿಸಿನೀರು ಬರುತ್ತದೆ, ಕರೆಂಟ್ ಹೋದರೂ ಸ್ನಾನ ನಿಲ್ಲುವುದಿಲ್ಲ. ಮಾಳಿಗೆಯ ಮೇಲಿನ ಸೋಲಾರ್ ನೀರು ಎಷ್ಟೋ ಕಡೆ ಮಾಲೀಕರ ಮನೆಗೆ ಮಾತ್ರ. ಕೆಳಗಿನ ಪೋರ್ಷನ್ನಿನ ಬಾಡಿಗೆದಾರರು ತಮ್ಮ ವ್ಯವಸ್ಥೆ ತಾವೇ ಮಾಡಿಕೊಳ್ಳಬೇಕು. ಹಾಗಾಗಿ ಗೀಸರನ್ನೇ ಬಿಸಾಡಿ ಎಂದರೆ ಕೇಳುವವರು ಕಡಿಮೆ. ಅದರ ಜಾಗ ಬದಲಿಸಿ ಎಂದರೆ ಕೇಳಿಯಾರು, ಕೇಳಲೇಬೇಕು.

ಗೀಸರ್ ಇರಬೇಕಾದದ್ದು ಬಾತ್‌ರೂಮಿನ ಹೊರಗೆ: ಯುಟಿಲಿಟಿಯಲ್ಲಿ, ಬಾಲ್ಕನಿಯಲ್ಲಿ, ಹಿತ್ತಿಲ ಗೋಡೆಯ ಮೇಲೆ, ಒಟ್ಟಿನಲ್ಲಿ ಗಾಳಿ ಆಡುವ ಕಡೆ. ಸಿಲಿಂಡರೂ ಅಲ್ಲೇ. ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪ್ ಒಂದೇ. ಗೋಡೆಗೆ ಒಂದು ತೂತು, ಕೆಲವು ಅಡಿ ಪೈಪು, ಪ್ಲಂಬರನ ಅರ್ಧ ದಿನದ ಕೆಲಸ. ಬಾಲ್ಕನಿಗೆ ಗಾಜು ಹಾಕಿಸಿ ಪೂರ್ತಿ ಮುಚ್ಚಿದ್ದರೆ ಅದು ಹೊರಗಲ್ಲ, ಇನ್ನೊಂದು ಕೋಣೆ ಎಂಬುದು ನೆನಪಿರಲಿ. ಬಾತ್‌ರೂಮಿನ ಕಿಟಕಿಯ ಹೊರಗೆ ಸರಿಯಾಗಿ ಅದರ ಕೆಳಗೇ ಗೀಸರ್ ಕೂರಿಸಿದರೆ ಸುಟ್ಟ ಗಾಳಿ ಮತ್ತೆ ಒಳಕ್ಕೇ ಬರುತ್ತದೆ; ಅದನ್ನೂ ತಪ್ಪಿಸಬೇಕು.

ಬದಲಿಸುವ ತನಕ ಏನು ಮಾಡುವುದು? ನಮ್ಮ ಬಹುಪಾಲು ಮನೆಗಳಲ್ಲಿ ಬಕೆಟ್–ಚೊಂಬಿನ ಸ್ನಾನ ಇನ್ನೂ ಉಳಿದಿದೆ, ಅದು ಇಲ್ಲಿ ಜೀವ ಉಳಿಸುವ ಪದ್ಧತಿ. ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಬೇಕು. ಗೀಸರ್ ಆರಿಸಬೇಕು. ಕೆಲವು ನಿಮಿಷ ಗಾಳಿಯಾಡಲು ಬಿಟ್ಟು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಗೀಸರ್ ಉರಿಯುತ್ತಿರುವಾಗ ಅದೇ ಕೋಣೆಯಲ್ಲಿ ಷವರ್ ಕೆಳಗೆ ನಿಲ್ಲುವುದಂತೂ ಎಂದಿಗೂ ಬೇಡ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಹೆಚ್ಚು ಅಪಾಯ ಕೊನೆಯವರಿಗೆ, ಏಕೆಂದರೆ ಅಷ್ಟು ಹೊತ್ತಿಗೆ ಕೋಣೆಯ ಗಾಳಿ ಕೆಟ್ಟಿರುತ್ತದೆ.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಒಳಗೆ ಹೊಸ ಗಾಳಿ ಬರಲು ದಾರಿಯೇ ಇಲ್ಲದ ಕೋಣೆಯಲ್ಲಿ ಫ್ಯಾನ್ ಸುಮ್ಮನೆ ತಿರುಗುತ್ತದೆಯೇ ಹೊರತು ಗಾಳಿ ಬದಲಾಗುವುದಿಲ್ಲ. ಬಾಗಿಲ ಕೆಳಗೆ ಜಾಲರಿ ಅಥವಾ ಸಂದು ಇರಬೇಕು. ಮೇಲೆ ಮುಚ್ಚಲಾಗದ ವೆಂಟಿಲೇಟರ್ ಇರಬೇಕು. ಸೊಳ್ಳೆ ಬರುತ್ತದೆಂದು, ಚಳಿ ಎಂದು, ಪಕ್ಕದ ಮನೆಯವರಿಗೆ ಕಾಣುತ್ತದೆಂದು ಅದಕ್ಕೆ ರಟ್ಟು, ಪ್ಲಾಸ್ಟಿಕ್ ಹೊಡೆದವರೇ ಹೆಚ್ಚು. ಹಾಕಿದ ಸೊಳ್ಳೆ ಪರದೆಯೂ ಧೂಳು ಹಿಡಿದು ಗೋಡೆಯಷ್ಟೇ ಗಟ್ಟಿಯಾಗಿರುತ್ತದೆ. ಒಳಗಿನ ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂತಿದ್ದರೆ ಒಳ್ಳೆಯದು. ಬಾಗಿಲು ಒಡೆಯಲು ತಗಲುವ ಐದು ನಿಮಿಷದಲ್ಲಿ ಒಂದು ಜೀವ ಹೋಗಬಹುದು.

ಗೀಸರ್ ಕೊಳ್ಳುವಾಗ ಐಎಸ್‌ಐ ಗುರುತು ನೋಡಬೇಕು. ಇಂಥ ಗೀಸರ್‌ಗಳಿಗೆಂದೇ ಐಎಸ್ 15558 ಎಂಬ ಭಾರತೀಯ ಮಾನಕವಿದೆ. ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ವ್ಯವಸ್ಥೆ ಇರುವ ಮಾದರಿಗಳಿವೆ, ಅವು ಮೇಲು. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು, ಏಕೆಂದರೆ ಬರ್ನರಿಗೆ ಗಾಳಿ ಎಳೆಯುವ ಕಿಂಡಿಯಲ್ಲಿ ಧೂಳೂ ಜೇಡನ ಬಲೆಯೂ ಕಟ್ಟಿಕೊಳ್ಳುತ್ತವೆ. ಉರಿ ನೀಲಿಯಾಗಿದ್ದದ್ದು ಹಳದಿಗೆ ತಿರುಗಿದರೆ, ಗೀಸರಿನ ಮೇಲ್ಭಾಗದಲ್ಲಿ ಮಸಿ ಕಂಡರೆ ಅಂದಿನಿಂದಲೇ ಬಳಕೆ ನಿಲ್ಲಿಸಬೇಕು. ಹಾಗೆಂದು ನೀಲಿ ಉರಿ ಕಂಡ ಮಾತ್ರಕ್ಕೆ ಮುಚ್ಚಿದ ಕೋಣೆ ಕ್ಷೇಮವಾಗುವುದಿಲ್ಲ.

ಕೆಂಡ, ಬಾಣಂತಿ, ಹೋಮ್‌ಸ್ಟೇ

2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಮೂವರು ಯುವಕರು ರಾತ್ರಿ ಚಳಿಗೆ ಕೋಣೆಯೊಳಗೆ ಇದ್ದಿಲು ಹೊತ್ತಿಸಿಟ್ಟು ಮಲಗಿದವರು ಏಳಲಿಲ್ಲ. ಪ್ರತಿ ಚಳಿಗಾಲದಲ್ಲೂ ಉತ್ತರ ಭಾರತದಿಂದ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಬೆಳಗಾವಿಯ ಚಳಿಯೂ ಸಣ್ಣದಲ್ಲ.

ಇದ್ದಿಲಿನಲ್ಲಿ ಮೋಸವಿರುವುದು ಅದರ ಹೊಗೆಯಿಲ್ಲದ ಕೆಂಪಿನಲ್ಲಿ. ಹೊಗೆ ಇರುವತನಕ ಜನ ಅದನ್ನು ಅಂಗಳದಲ್ಲೇ ಇಡುತ್ತಾರೆ. ಹೊಗೆ ನಿಂತು ಕೆಂಡ ನಿಗಿನಿಗಿ ಆದಮೇಲೆ ‘ಇನ್ನೇನೂ ಆಗದು’ ಎಂದು ಒಳಗೆ ತರುತ್ತಾರೆ. ಕಾದ ಇಂಗಾಲದ ನಡುವೆ ಹಾದುಬರುವ ಇಂಗಾಲದ ಡೈ ಆಕ್ಸೈಡ್ ಅಲ್ಲೇ ಕಾರ್ಬನ್ ಮಾನಾಕ್ಸೈಡಾಗಿ ಮಾರ್ಪಡುತ್ತದೆ. ಮೇಲೆ ಬೂದಿ ಮುಚ್ಚಿ ಆರಿದಂತೆ ಕಂಡರೂ ಒಳಗೆ ಗಂಟೆಗಟ್ಟಲೆ ಇದು ನಡೆಯುತ್ತಿರುತ್ತದೆ, ಮಲಗಿದವರು ಮಲಗಿರುವಂತೆಯೇ.

ಇಲ್ಲಿ ಬಾಣಂತಿ ಕೋಣೆಯ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಬಾಣಂತಿಗೆ ಶೀತ ತಾಗಬಾರದೆಂದು ಕಿಟಕಿಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವುದು, ಕೂಸಿಗೆ ಎರಡು ಹೊತ್ತು ಕೆಂಡದ ಮೇಲೆ ಸಾಂಬ್ರಾಣಿ, ಲೋಬಾನದ ಹೊಗೆ ಹಾಕುವುದು ನಮ್ಮ ಹಲವು ಊರುಗಳಲ್ಲಿ ಇಂದಿಗೂ ನಡೆದಿದೆ. ಅದರ ಹಿಂದಿರುವುದು ಅಜ್ಜಿಯಂದಿರ ಅಕ್ಕರೆ. ಅವರ ಕಾಲದ ಹೆಂಚಿನ ಮನೆಗಳಲ್ಲಿ ಗಾಳಿಗೆ ನೂರು ಸಂದುಗಳಿದ್ದವು. ಇಂದಿನ ಆರ್‌ಸಿಸಿ ಮನೆಯ ಅಟ್ಯಾಚ್ಡ್ ರೂಮಿನಲ್ಲಿ ಒಂದೂ ಇಲ್ಲ. ಕೂಸು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತದೆ, ಮೈತೂಕಕ್ಕೆ ಹೋಲಿಸಿದರೆ ಹೆಚ್ಚು ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಬೆಚ್ಚಗಿಡಲು ಟೋಪಿ, ಕಾಲುಚೀಲ, ಪದರ ಪದರವಾಗಿ ಹೊದಿಕೆ, ತಾಯಿಯ ಮೈ ಬಿಸಿ ಸಾಕು. ಬಾಣಂತಿಗೆ ಕಾಸಲೇಬೇಕೆಂದರೆ ಬಿಸಿನೀರಿನ ಬ್ಯಾಗ್ ಇದೆ. ಕೆಂಡದ ತಟ್ಟೆ ಆ ಕೋಣೆಗೆ ಬರಲೇಬಾರದು. ಅಜ್ಜಿಗೆ ಬೇಸರವಾಗದಂತೆ ಹೇಳುವ ಹೊಣೆ ಮನೆಯ ಮಕ್ಕಳದು. ಗರ್ಭಿಣಿ ಇರುವ ಮನೆಯಲ್ಲೂ ಇದೇ ನಿಯಮ. ತಾಯಿ ಚೇತರಿಸಿಕೊಂಡಂತೆ ಕಂಡರೂ ಹೊಟ್ಟೆಯೊಳಗಿನ ಶಿಶುವಿನ ರಕ್ತದಿಂದ ಈ ವಿಷ ಇಳಿಯುವುದು ಇನ್ನೂ ನಿಧಾನ.

ಪ್ರವಾಸದಲ್ಲಿಯೂ ಎಚ್ಚರ ಬೇಕು. 2020ರ ಜನವರಿಯಲ್ಲಿ ನೇಪಾಳದ ದಮನ್ ಎಂಬ ಬೆಟ್ಟದೂರಿನ ರೆಸಾರ್ಟಿನಲ್ಲಿ ಕೇರಳದ ಎಂಟು ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಗ್ಯಾಸ್ ಹೀಟರ್ ಹಚ್ಚಿ ಬಾಗಿಲು ಕಿಟಕಿ ಭದ್ರಪಡಿಸಿ ಒಂದೇ ಕೋಣೆಯಲ್ಲಿ ಮಲಗಿ ಪ್ರಾಣ ಕಳೆದುಕೊಂಡರು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರ ಶವ ಸಿಕ್ಕಿತು. ಎಸಿಗಾಗಿ ಓಡಿಸಿದ ಜನರೇಟರಿನ ಹೊಗೆ ಒಳಗೆ ನುಗ್ಗಿತ್ತು. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ಕ್ಯಾಂಪ್ ಫೈರ್ ಮುಗಿದ ಮೇಲೆ ಉಳಿದ ಕೆಂಡವನ್ನು ಟೆಂಟಿಗೋ ಕೋಣೆಗೋ ಒಯ್ಯುವ ಆಸೆ ಬೇಡ. ಬಾರ್ಬೆಕ್ಯೂ ತಟ್ಟೆಗೂ ಇದೇ ಮಾತು. ಬೆಂಕಿಗೂಡು ಇರುವ ಕೋಣೆಯಾದರೆ ಹೊಗೆ ಕೊಳವೆ ತೆರೆದಿದೆಯೇ, ಹಕ್ಕಿ ಗೂಡು ಕಟ್ಟಿದೆಯೇ ಎಂದು ಮಾಲೀಕರನ್ನು ಕೇಳಬೇಕು. ನಿಲ್ಲಿಸಿದ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ, ಎಸಿ ಹಾಕಿಕೊಂಡು ನಿದ್ದೆ ಮಾಡಬಾರದು. ಶಟರ್ ಎಳೆದ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿಡಬಾರದು. ಜನರೇಟರ್ ಮನೆಯೊಳಗಾಗಲಿ, ಅಂಗಡಿಯ ಹಿಂಭಾಗದ ಗೋಡೌನಿನಲ್ಲಾಗಲಿ ಇರಬಾರದು.

ಅಮೆರಿಕ, ಕೆನಡಾ, ಬ್ರಿಟನ್‌ಗಳಿಗೆ ಹೋಗಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಸಮಸ್ಯೆಯ ರೂಪ ಬೇರೆ. ಅಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್, ಬಾಯ್ಲರ್ ಚಳಿಗಾಲವಿಡೀ ಉರಿಯುತ್ತಿರುತ್ತದೆ. ಹಿಮ ಬಿದ್ದು ಅದರ ಹೊಗೆ ಕೊಳವೆಯ ಬಾಯಿ ಮುಚ್ಚಿಬಿಡಬಹುದು. ಬೆಂಕಿ ಅನಾಹುತಗಳನ್ನು ಬಿಟ್ಟು ಆಕಸ್ಮಿಕ ಕಾರ್ಬನ್ ಮಾನಾಕ್ಸೈಡ್ ವಿಷದಿಂದಲೇ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆ, ಒಂದು ಲಕ್ಷಕ್ಕೂ ಹೆಚ್ಚು ಮಂದಿ ತುರ್ತು ಚಿಕಿತ್ಸೆಗೆ ಬರುತ್ತಾರೆ ಎಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್ ಹಿಮಕ್ಕೆ ಸಿಕ್ಕಿ ಕರೆಂಟ್ ಹೋದಾಗ ಕಾರು, ಜನರೇಟರ್, ಇದ್ದಿಲಿನ ಮೊರೆಹೋದ ಹಲವರು ಹೀಗೇ ಜೀವ ಕಳೆದುಕೊಂಡರು. ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋಗುವ ಅಪ್ಪ–ಅಮ್ಮನಿಗೆ ಅಲ್ಲಿನ ಗೋಡೆಯ ಮೇಲೆ ಕೀಂಗುಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಪೆಟ್ಟಿಗೆ ಏನೆಂದು ಮೊದಲ ದಿನವೇ ಹೇಳಿಕೊಡಬೇಕು. ಅದು ಕೂಗಿದರೆ ಬ್ಯಾಟರಿ ಕೀಳುವುದಲ್ಲ, ಎಲ್ಲರೂ ಹೊರಗೆ ಬಂದು ತುರ್ತು ಸೇವೆಗೆ ಫೋನ್ ಮಾಡುವುದು.

ಆ ಪೆಟ್ಟಿಗೆಯ ವಿಚಾರ

ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, ಗ್ಯಾಸ್ ಒಲೆಯನ್ನು ಬಿಟ್ಟು ಇಂಧನ ಸುಡುವ ಯಾವುದೇ ಸ್ಥಿರ ಸಾಧನವಿರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸುವುದು ಬಾಡಿಗೆ ಕೊಡುವ ಮಾಲೀಕರ ಕಾನೂನುಬದ್ಧ ಹೊಣೆ. ನಮ್ಮಲ್ಲಿ ಮನೆಗೆಂದು ಇದನ್ನು ಕೊಳ್ಳುವವರು ವಿರಳ, ಆದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇಎನ್ 50291 ಅಥವಾ ಯುಎಲ್ 2034 ಎಂಬ ಮಾನಕದ ಗುರುತಿದ್ದರೆ ಮಾತ್ರ ಕೊಳ್ಳಬೇಕು. ಮೊದಲನೆಯ ಮಾನಕದ ಅಲಾರಂ 50 ಪಿಪಿಎಂ ಇದ್ದರೆ ಒಂದರಿಂದ ಒಂದೂವರೆ ಗಂಟೆಯೊಳಗೆ, 300 ಪಿಪಿಎಂ ಇದ್ದರೆ ಮೂರು ನಿಮಿಷದೊಳಗೆ ಕೂಗಬೇಕು.

ಅಡುಗೆಮನೆಗೆ ಹಾಕಿಸುವ ಗ್ಯಾಸ್ ಲೀಕ್ ಅಲಾರಂ ಬೇರೆ, ಇದು ಬೇರೆ; ಅದು ಎಲ್‌ಪಿಜಿಗೆ ಕೂಗುತ್ತದೆ, ಕಾರ್ಬನ್ ಮಾನಾಕ್ಸೈಡಿಗೆ ಕೂಗುವುದಿಲ್ಲ. ಹೊಗೆಗೆ ಕೂಗುವ ಅಲಾರಂ ಕೂಡ ಇದನ್ನು ಹಿಡಿಯದು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕಿಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಗಾಳಿಯಷ್ಟೇ ಹಗುರ, ಕೋಣೆಯೆಲ್ಲ ಬೆರೆಯುತ್ತದೆ. ಬಾತ್‌ರೂಮಿನ ಹಬೆಯಲ್ಲಿ ಉಪಕರಣ ಕೆಡುವುದರಿಂದ ಅದನ್ನು ಬಾಗಿಲ ಹೊರಗೆ ಹಾಕಬೇಕು; ಇನ್ನೊಂದು ಮಲಗುವ ಕೋಣೆಯ ಬಳಿ, ನಿದ್ದೆಯಲ್ಲಿದ್ದವರಿಗೆ ಕೇಳುವಂತೆ. ಸೆನ್ಸರಿನ ಆಯಸ್ಸು ಮಾದರಿಗೆ ತಕ್ಕಂತೆ ಐದರಿಂದ ಹತ್ತು ವರ್ಷ. ಹಿಂಬದಿಯ ತಾರೀಕು ದಾಟಿದ ಅಲಾರಂ ಇದ್ದೂ ಇಲ್ಲದಂತೆ. ಅಲಾರಂ ಇದೆಯೆಂದು ಗೀಸರನ್ನು ಒಳಗೇ ಬಿಡುವುದಂತೂ ಸಲ್ಲ.

ಯಾರಾದರೂ ಕುಸಿದಿದ್ದರೆ

ಬಾಗಿಲು ಬಡಿದರೂ ಉತ್ತರ ಬಾರದಿದ್ದರೆ ಕಾಯಬಾರದು. ಒಡೆಯಬೇಕು. ಹೊರಗೆ ದೀರ್ಘವಾಗಿ ಉಸಿರೆಳೆದುಕೊಂಡು, ಬಿಗಿಹಿಡಿದು, ಒಳಗೆ ಹೋಗಿ ಬಿದ್ದವರನ್ನು ಎಳೆದು ತೆರೆದ ಗಾಳಿಗೆ ತರಬೇಕು. ಸಾಧ್ಯವಾದರೆ ಆಗಲೇ ಗೀಸರ್ ಆರಿಸಿ ಕಿಟಕಿ ತೆರೆಯಬೇಕು. ಎಬ್ಬಿಸುವ, ಸಮಾಧಾನ ಮಾಡುವ ಕೆಲಸ ಒಳಗೆ ಬೇಡ, ರಕ್ಷಿಸಲು ಹೋದವರೂ ಅಲ್ಲೇ ಬೀಳಬಹುದು. 108ಕ್ಕೆ ಫೋನ್ ಮಾಡುವಾಗಲೇ ‘ಗೀಸರ್’ ಅಥವಾ ‘ಕೆಂಡ’ ಎಂದು ಹೇಳಿದರೆ ಆಂಬುಲೆನ್ಸ್‌ನವರು ಆಮ್ಲಜನಕ ಸಿದ್ಧವಿಟ್ಟುಕೊಳ್ಳುತ್ತಾರೆ. ಉಸಿರಿಲ್ಲದಿದ್ದರೆ, ಬಲ್ಲವರು ಕೂಡಲೇ ಎದೆ ಒತ್ತುವ ಸಿಪಿಆರ್ ಶುರುಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಕಾಫಿ ಏನನ್ನೂ ಹಾಕಬಾರದು.

ಕೋವಿಡ್ ಬಂದು ಹೋದಮೇಲೆ ಮನೆಮನೆಯ ಡ್ರಾಯರಿನಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇದೆ. ಇಲ್ಲಿ ಅದನ್ನು ನಂಬಲೇಬಾರದು. ಹಿಮೋಗ್ಲೋಬಿನ್‌ಗೆ ಅಂಟಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ಎಂದು ಅದಕ್ಕೆ ಗುರುತು ಸಿಗುವುದಿಲ್ಲ. ಸಾಯುವ ಸ್ಥಿತಿಯಲ್ಲಿರುವವರಿಗೂ 98 ಎಂದು ತೋರಿಸಬಲ್ಲದು. ‘ಆಕ್ಸಿಜನ್ ಚೆನ್ನಾಗಿದೆ’ ಎಂದು ಮನೆಯಲ್ಲೇ ಉಳಿಸಿಕೊಂಡರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಆಸ್ಪತ್ರೆಯಲ್ಲಿ ರಕ್ತದ ಕಾರ್ಬಾಕ್ಸಿ ಹಿಮೋಗ್ಲೋಬಿನ್ ಮಟ್ಟ ಅಳೆಯುವ ಪರೀಕ್ಷೆಯೇ ಬೇರೆ ಇದೆ. ಚೇತರಿಸಿಕೊಂಡು ಮನೆಗೆ ಬಂದವರಲ್ಲಿಯೂ ಕೆಲವರಿಗೆ ಕೆಲವು ದಿನ ಅಥವಾ ವಾರಗಳ ನಂತರ ಮರೆವು, ನಡಿಗೆಯಲ್ಲಿ ತಡವರಿಕೆ, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುತ್ತದೆ. ಆಗ ತಡಮಾಡದೆ ನರರೋಗ ತಜ್ಞರನ್ನು ಕಾಣಬೇಕು, ಹಿಂದೆ ನಡೆದದ್ದನ್ನು ಅವರಿಗೆ ತಿಳಿಸಬೇಕು.

ಮನೆ ಬಾಡಿಗೆಗೆ ಕೊಡುವವರಲ್ಲಿ ಒಂದು ವಿನಂತಿ. ಬಾತ್‌ರೂಮಿನ ಹೊರಗೋಡೆಗೆ ಗೀಸರ್ ಕೂರಿಸಲು ಒಂದು ಜಾಗ, ಒಳಕ್ಕೆ ಬಿಸಿನೀರಿನ ಪೈಪು, ಮುಚ್ಚಲಾಗದ ವೆಂಟಿಲೇಟರ್: ಇಷ್ಟನ್ನು ಸುಣ್ಣ–ಬಣ್ಣ ಮಾಡಿಸುವಾಗಲೇ ಮಾಡಿಸಿಕೊಡಿ. ಬಾಡಿಗೆಗೆ ಮನೆ ನೋಡಲು ಹೋಗುವವರು ನೀರಿನ ಮೋಟಾರು, ಪಾರ್ಕಿಂಗ್ ವಿಚಾರಿಸುವ ಹಾಗೆಯೇ ಇದನ್ನೂ ವಿಚಾರಿಸಿ. ನಿಮ್ಮ ಮನೆಯ ಗೀಸರ್ ಇವತ್ತು ಬಾತ್‌ರೂಮಿನೊಳಗೇ ಇದ್ದರೆ ಈ ವಾರವೇ ಪ್ಲಂಬರನ್ನು ಕರೆಸಿ. ಅವರು ಬರುವ ತನಕ ಬಾಗಿಲು ತೆರೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿದ ಮೇಲಷ್ಟೇ ಸ್ನಾನಕ್ಕೆ ಹೋಗಿ, ಮಕ್ಕಳನ್ನೂ ಹಾಗೇ ಕಳಿಸಿ.